ಐರ್ಲೆಂಡಿನಲ್ಲಿ ಬದುಕುವವರಿಗೆ ಗೇಲಿಕ್ ಫುಟ್‌ಬಾಲ್ ಅಷ್ಟು ಮುಖ್ಯವೇ?

ನಿಮ್ಮ ಪತ್ನಿಗೆ ಮೇಯೋ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿದೆ, ಎಂಟು ವರ್ಷದ ಮಗನೊಂದಿಗೆ ಮೂವರೂ ಹೊರಟಿದ್ದೀರಿ. ಅಲ್ಲಿರುವ ಪರಿಚಯದವರೆಲ್ಲ ಮಾತೆತ್ತಿದರೆ ಜಿಎಎ, ಅಂದರೆ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, ಎನ್ನುತ್ತಾರೆ. ಅವರ ಗೇಲಿಕ್ ಫುಟ್‌ಬಾಲ್ ನಮಗೆ ಗೊತ್ತಿರುವ ಫುಟ್‌ಬಾಲೇ, ಅದರ ಗಂಧಗಾಳಿ ಇಲ್ಲದೆ ಅಲ್ಲಿ ಬದುಕುವುದು ಕಷ್ಟವೇ, ಹೊರಗಿನವರನ್ನು ಅವರು ಸೇರಿಸಿಕೊಳ್ಳುತ್ತಾರೆಯೇ ಎಂದು ಕೇಳಿದ್ದೀರಿ. ನಾನು ಅದೇ ಕೌಂಟಿಯ ಒಂದು ಸಣ್ಣ ಪಟ್ಟಣದಲ್ಲಿ ಹಲವು ವರ್ಷಗಳಿಂದ ಸಂಸಾರ ಸಮೇತ ನೆಲೆಸಿದ್ದೇನೆ, ನನ್ನ ಮಗಳು ಇಲ್ಲಿನ ಕ್ಲಬ್ಬಿನಲ್ಲಿ ಆಡುತ್ತಾಳೆ. ಈ ಆಟ ಗೊತ್ತಿಲ್ಲದೆಯೂ ಇಲ್ಲಿ ನೆಮ್ಮದಿಯಾಗಿ ಬದುಕಬಹುದು. ಆದರೆ ಆಗ ನಿಮ್ಮ ಬದುಕು ಕೆಲಸ, ಮನೆ, ಸೂಪರ್ ಮಾರ್ಕೆಟ್ಟುಗಳ ನಡುವೆಯೇ ಮುಗಿದುಹೋಗುವ ಸಾಧ್ಯತೆ ಹೆಚ್ಚು. ನೆರೆಹೊರೆಯವರನ್ನು ನಿಜವಾಗಿ ಅರಿಯಬೇಕೆಂದಿದ್ದರೆ ಊರಿನ ಕ್ಲಬ್ಬಿಗಿಂತ ಹತ್ತಿರದ ದಾರಿಯನ್ನು ನಾನು ಕಂಡಿಲ್ಲ.

ಮೊದಲು ಆಟದ ವಿಷಯ. ಇದು ನಾವು ಟಿವಿಯಲ್ಲಿ ನೋಡುವ ಫುಟ್‌ಬಾಲ್ ಅಲ್ಲ. ಅದನ್ನು ಇಲ್ಲಿ ಸಾಕರ್ ಎನ್ನುತ್ತಾರೆ. ಗೇಲಿಕ್ ಫುಟ್‌ಬಾಲಿನಲ್ಲಿ ಒಂದೊಂದು ಕಡೆಗೆ 15 ಮಂದಿ ಇರುತ್ತಾರೆ, ಮೈದಾನ 130ರಿಂದ 145 ಮೀಟರ್ ಉದ್ದವಿರುತ್ತದೆ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಒದೆಯಬಹುದು, ಮುಷ್ಟಿಯಿಂದಲೋ ಅಂಗೈಯಿಂದಲೋ ಹೊಡೆದು ಜೊತೆಗಾರನಿಗೆ ದಾಟಿಸಬಹುದು, ಆದರೆ ಎಸೆಯುವಂತಿಲ್ಲ. ಚೆಂಡು ಹಿಡಿದು ನಾಲ್ಕು ಹೆಜ್ಜೆ ಓಡಿದ ಮೇಲೆ ಅದನ್ನು ನೆಲಕ್ಕೆ ಪುಟಿಸಬೇಕು, ಇಲ್ಲವೇ ಪಾದದ ಮೇಲೆ ಬಿಟ್ಟು ಕಾಲ್ಬೆರಳ ತುದಿಯಿಂದ ಮೆಲ್ಲನೆ ಚಿಮ್ಮಿಸಿ ಮತ್ತೆ ಕೈಗೆ ತಂದುಕೊಳ್ಳಬೇಕು. ಸತತವಾಗಿ ಎರಡು ಸಲ ಪುಟಿಸುವಂತಿಲ್ಲ. ಹೀಗೆ ಚಿಮ್ಮಿಸುವುದಕ್ಕೆ ಸೋಲೋ ಎಂದು ಹೆಸರು. ಶಾಲೆ ಬಿಟ್ಟ ಮಕ್ಕಳು ಬೆನ್ನಿಗೆ ಚೀಲ ಹಾಕಿಕೊಂಡು, ಮಳೆಯಲ್ಲಿ ನೆನೆದ ಫುಟ್‌ಪಾತಿನ ಮೇಲೆ, ಅಕ್ಕಪಕ್ಕದವರೊಂದಿಗೆ ಮಾತಾಡುತ್ತಲೇ ಚೆಂಡನ್ನು ಕಾಲಿಗೂ ಕೈಗೂ ಆಡಿಸುತ್ತ ಮನೆಗೆ ಹೋಗುವುದನ್ನು ನೀವು ಬಂದ ವಾರದಲ್ಲೇ ನೋಡುತ್ತೀರಿ. ನಿಮ್ಮ ಮಗ ಕಲಿಯಲು ಹಟ ಹಿಡಿಯುವುದೂ ಇದಕ್ಕಾಗಿಯೇ ಇರುತ್ತದೆ.

ಗೋಲಿನ ಕಂಬಗಳು ಇಂಗ್ಲಿಷಿನ ಎಚ್ ಅಕ್ಷರದ ಆಕಾರದಲ್ಲಿರುತ್ತವೆ. ಅಡ್ಡಪಟ್ಟಿಯ ಕೆಳಗೆ ಬಲೆಯೊಳಗೆ ಹೋದರೆ ಗೋಲು, ಅದಕ್ಕೆ 3 ಪಾಯಿಂಟ್. ಮೇಲಿನಿಂದ ಕಂಬಗಳ ನಡುವೆ ಹೋದರೆ 1 ಪಾಯಿಂಟ್. ಸ್ಕೋರನ್ನು ಎರಡು ಭಾಗವಾಗಿ ಬರೆಯುತ್ತಾರೆ, ಮೊದಲು ಗೋಲುಗಳು, ಆಮೇಲೆ ಪಾಯಿಂಟುಗಳು. ಕೌಂಟಿ ತಂಡಗಳ ಅತಿದೊಡ್ಡ ಪಂದ್ಯಾವಳಿಯಾದ ಆಲ್ ಐರ್ಲೆಂಡಿನ 2025ರ ಫೈನಲ್ಲಿನಲ್ಲಿ ಕೆರಿ 1-26, ಡೊನೆಗಾಲ್ 0-19 ಎಂದು ಓದಿದರೆ 29ಕ್ಕೆ 19ರಿಂದ ಕೆರಿ ಗೆದ್ದಿತು ಎಂದರ್ಥ. ಕಂಬಗಳ ಪಕ್ಕದಲ್ಲಿ ಬಿಳಿ ಕೋಟು ತೊಟ್ಟ ಅಂಪೈರ್‌ಗಳು ನಿಂತಿರುತ್ತಾರೆ; ಗೋಲಿಗೆ ಹಸಿರು ಬಾವುಟ, ಪಾಯಿಂಟಿಗೆ ಬಿಳಿ ಬಾವುಟ ಎತ್ತುತ್ತಾರೆ. ಈಗ ಕಿತ್ತಳೆ ಬಾವುಟವೂ ಬಂದಿದೆ, ಅದರ ವಿಷಯ ಮುಂದೆ ಹೇಳುತ್ತೇನೆ.

ಜಿಎಎ ಎಂಬುದು ಈ ಆಟವನ್ನೂ ಕೋಲಿನಿಂದ ಚೆಂಡು ಹೊಡೆಯುವ ಹರ್ಲಿಂಗ್ ಎಂಬ ಆಟವನ್ನೂ ನಡೆಸುವ ಸಂಸ್ಥೆ. ಮೈಕಲ್ ಕ್ಯೂಸಾಕ್, ಮಾರಿಸ್ ಡೇವಿನ್ ಮೊದಲಾದವರು ಟಿಪ್ಪರರಿ ಕೌಂಟಿಯ ಥರ್ಲಸ್ ಪಟ್ಟಣದ ಹೋಟೆಲೊಂದರಲ್ಲಿ ಸಭೆ ಸೇರಿ ಇದನ್ನು ಕಟ್ಟಿದ್ದು 1884ರ ನವೆಂಬರ್ 1ರಂದು. ನಮ್ಮ ರಾಜ್ಯೋತ್ಸವದ ದಿನವೇ ಆದ್ದರಿಂದ ಈ ತಾರೀಖು ಕನ್ನಡಿಗರಿಗೆ ಮರೆತುಹೋಗುವುದಿಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿ ನಾಡಿನ ಸ್ವಂತ ಆಟಗಳು ಅಳಿಯಬಾರದೆಂಬ ಕಾಳಜಿ ಆ ಸಭೆಯ ಹಿಂದಿತ್ತು. 1920ರ ನವೆಂಬರ್ 21ರಂದು ಡಬ್ಲಿನ್‌ನ ಕ್ರೋಕ್ ಪಾರ್ಕಿನಲ್ಲಿ ಡಬ್ಲಿನ್ ಮತ್ತು ಟಿಪ್ಪರರಿ ತಂಡಗಳ ಫುಟ್‌ಬಾಲ್ ಪಂದ್ಯ ನಡೆಯುತ್ತಿದ್ದಾಗ ಬ್ರಿಟಿಷ್ ಪಡೆಗಳು ಜನರ ಮೇಲೆ ಗುಂಡು ಹಾರಿಸಿದವು, 14 ಮಂದಿ ಸತ್ತರು. ಸತ್ತವರಲ್ಲಿ ಮೈಕಲ್ ಹೋಗನ್ ಎಂಬ ಟಿಪ್ಪರರಿ ಆಟಗಾರನೂ ಇದ್ದ. 82,300 ಮಂದಿ ಹಿಡಿಸುವ ಇಂದಿನ ಕ್ರೋಕ್ ಪಾರ್ಕಿನಲ್ಲಿ ಗೆದ್ದ ನಾಯಕ ಕಪ್ ಎತ್ತಿ ಹಿಡಿಯುವುದು ಆತನ ಹೆಸರಿನ ಹೋಗನ್ ಸ್ಟ್ಯಾಂಡಿನಲ್ಲಿ. ದೇಶವನ್ನು ಇಬ್ಭಾಗ ಮಾಡಿದ ಗಡಿಯನ್ನೂ ಈ ಆಟ ಒಪ್ಪಿಕೊಳ್ಳಲಿಲ್ಲ. ಬ್ರಿಟನ್ನಿನ ಆಡಳಿತದಲ್ಲೇ ಉಳಿದ ಉತ್ತರ ಐರ್ಲೆಂಡಿನ ಕೌಂಟಿಗಳೂ ಇದೇ ಆಲ್ ಐರ್ಲೆಂಡ್ ಕಪ್‌ಗಾಗಿ ಆಡುತ್ತವೆ, 2024ರಲ್ಲಿ ಗೆದ್ದ ಆರ್ಮಾ ಅಲ್ಲಿಯದೇ. ಇಷ್ಟು ಹಿನ್ನೆಲೆ ಗೊತ್ತಿದ್ದರೆ, ವಯಸ್ಸಾದವರು ಈ ಆಟದ ಮಾತಾಡುವಾಗ ಅವರ ದನಿ ಏಕೆ ಗಂಭೀರವಾಗುತ್ತದೆ ಎಂಬುದು ಅರ್ಥವಾಗುತ್ತದೆ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಸಂಗತಿ ಬೇರೆ. ಇಲ್ಲಿ ಆಡುವ ಯಾರಿಗೂ ಸಂಬಳವಿಲ್ಲ. ಎಂಬತ್ತು ಸಾವಿರ ಜನರ ಮುಂದೆ ಭಾನುವಾರ ಫೈನಲ್ ಆಡಿದವರು ಶಿಕ್ಷಕರು, ರೈತರು, ಎಲೆಕ್ಟ್ರಿಷಿಯನ್ನರು, ವೈದ್ಯರು, ವಿದ್ಯಾರ್ಥಿಗಳು. ಇಂದಿನ ಅತ್ಯುತ್ತಮ ಆಟಗಾರನೆಂದು ಬಹುಪಾಲು ಜನ ಒಪ್ಪುವ ಕೆರಿಯ ಡೇವಿಡ್ ಕ್ಲಿಫರ್ಡ್ ವೃತ್ತಿಯಲ್ಲಿ ಶಿಕ್ಷಕ, ಮತ್ತು ತನ್ನ ಅಣ್ಣನ ಜೊತೆ ಇಂದಿಗೂ ಹುಟ್ಟೂರಾದ ಫೋಸಾ ಎಂಬ ಪುಟ್ಟ ಊರಿನ ಕ್ಲಬ್ಬಿಗೆ ಆಡುತ್ತಾನೆ. ಹೆಚ್ಚು ಹಣ ಕೊಡುವ ತಂಡಕ್ಕೆ ಹೋಗುವ ಪ್ರಶ್ನೆಯೇ ಇಲ್ಲ, ಏಕೆಂದರೆ ಸಾಮಾನ್ಯವಾಗಿ ತಂಡವನ್ನು ನೀವು ಆರಿಸಿಕೊಳ್ಳುವುದಿಲ್ಲ. ನೀವಿರುವ ಪ್ಯಾರಿಷ್, ಅಂದರೆ ಚರ್ಚಿನ ಸುತ್ತಲಿನ ಊರು, ನಿಮ್ಮ ಕ್ಲಬ್ಬು. ಆ ಕ್ಲಬ್ಬು ಇರುವ ಕೌಂಟಿ ನಿಮ್ಮ ಕೌಂಟಿ. ತರಬೇತಿ ಕೊಡುವವರು, ಹುಲ್ಲು ಕತ್ತರಿಸುವವರು, ಗೇಟಿನಲ್ಲಿ ಟಿಕೆಟ್ ಹರಿಯುವವರು, ಪಂದ್ಯದ ನಂತರ ಸ್ಯಾಂಡ್‌ವಿಚ್ ಮಾಡಿ ಚಹಾ ಸುರಿಯುವವರು, ಎಲ್ಲರೂ ತಮ್ಮ ಬಿಡುವಿನಲ್ಲಿ ಬಂದವರೇ. ನಮ್ಮ ಕಡೆ ಊರ ತೇರಿನ ಹಗ್ಗಕ್ಕೆ ಕೈಹಾಕುವವರು ಕೂಲಿ ಕೇಳುವುದಿಲ್ಲವಲ್ಲ, ಇಲ್ಲಿಯ ಕ್ಲಬ್ಬು ಅದೇ ಮನೋಭಾವದ ಮೇಲೆ ವರ್ಷವಿಡೀ ನಡೆಯುತ್ತದೆ. ಖರ್ಚಿಗೆ ವಾರವಾರ ಕ್ಲಬ್ ಲಾಟರಿ ಇರುತ್ತದೆ; ಅಂಗಡಿಯ ಕೌಂಟರಿನ ಮೇಲೆ ಅದರ ಚೀಟಿ ಇಟ್ಟಿರುತ್ತಾರೆ, ಕೊಂಡುಕೊಳ್ಳಿ.

ದಿನನಿತ್ಯದ ಬದುಕಿನಲ್ಲಿ ಇದು ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ನಾನು ಕಂಡದ್ದು ಸಾವಿನ ಮನೆಗಳಲ್ಲಿ. ಸಾವನ್ನು ಇಲ್ಲಿನವರು ಮುಚ್ಚಿಡುವುದಿಲ್ಲ. ಸ್ಥಳೀಯ ರೇಡಿಯೋದಲ್ಲಿ ಪ್ರತಿದಿನ ತೀರಿಕೊಂಡವರ ಹೆಸರು ಓದುತ್ತಾರೆ, ಜನ ಅಡುಗೆಮನೆಯಲ್ಲಿ ಮಾತು ನಿಲ್ಲಿಸಿ ಕೇಳುತ್ತಾರೆ. ಬಹಳ ಮನೆಗಳಲ್ಲಿ ಶವವನ್ನು ಮನೆಯಲ್ಲೇ ಇರಿಸಿ, ಬಂದವರಿಗೆಲ್ಲ ಚಹಾ ಕೊಡುತ್ತಾರೆ. ಕಾರು ನಿಲ್ಲಿಸಲು ಜಾಗ ತೋರಿಸುವವರು ಕ್ಲಬ್ಬಿನ ಹುಡುಗರು. ಕುರ್ಚಿಗಳು ಬಂದದ್ದೂ ಕ್ಲಬ್ಬಿನಿಂದ. ತೀರಿಕೊಂಡವರು ಆಡಿದವರೋ ದುಡಿದವರೋ ಆಗಿದ್ದರೆ ಶವಪೆಟ್ಟಿಗೆಯ ಮೇಲೆ ಜೆರ್ಸಿ ಹೊದಿಸಿ, ಹತ್ತು ವರ್ಷದ ಮಕ್ಕಳಿಂದ ಹಿಡಿದು ಎಪ್ಪತ್ತು ದಾಟಿದವರವರೆಗೆ ಕ್ಲಬ್ಬಿನ ಬಣ್ಣ ತೊಟ್ಟವರು ರಸ್ತೆಯ ಎರಡೂ ಬದಿ ಸಾಲಾಗಿ ನಿಲ್ಲುತ್ತಾರೆ, ವಾಹನ ಅವರ ನಡುವೆ ನಿಧಾನವಾಗಿ ಹೋಗುತ್ತದೆ. ನೀವು ಹೊಸಬರೆಂದು ಹಿಂಜರಿಯಬೇಡಿ. ಸರದಿಯಲ್ಲಿ ನಿಂತು, ಮನೆಯವರ ಕೈಹಿಡಿದು, ನಿಮ್ಮ ದುಃಖಕ್ಕೆ ವಿಷಾದವಿದೆ ಎಂದಷ್ಟು ಹೇಳಿ ಬನ್ನಿ. ಹೋದದ್ದನ್ನು ಅವರು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ.

ಮಾತುಕತೆಯ ರೀತಿಯೂ ನಿಮಗೆ ಹೊಸದಾಗಿ ಕಾಣಬಹುದು. ಯಾರೂ ನೇರವಾಗಿ ಇಲ್ಲ ಎನ್ನುವುದಿಲ್ಲ, ತಮ್ಮನ್ನು ತಾವು ಹೊಗಳಿಕೊಳ್ಳುವುದಿಲ್ಲ. ಫೈನಲ್ ಗೆದ್ದ ಆಟಗಾರ ಕೂಡ ಅದೃಷ್ಟ ನಮ್ಮ ಕಡೆಗಿತ್ತು ಎಂದೇ ಹೇಳುತ್ತಾನೆ. ಬಸ್ಸಿಳಿಯುವಾಗ ಡ್ರೈವರಿಗೆ ಧನ್ಯವಾದ ಹೇಳುವುದು ವಾಡಿಕೆ. ಕುಡಿಯದವರನ್ನು ಪಬ್ಬಿನಲ್ಲಿ ಯಾರೂ ಬಲವಂತ ಮಾಡುವುದಿಲ್ಲ, ಚಹಾ ಕೇಳಿದರೆ ತಂದುಕೊಡುತ್ತಾರೆ. ಮಾತು ಹವಾಮಾನದಿಂದ ಶುರುವಾಗಿ ಭಾನುವಾರದ ಪಂದ್ಯಕ್ಕೆ ಬರುತ್ತದೆ, ನಿಮ್ಮ ಊರು ಯಾವುದು, ಮಗ ಎಲ್ಲಿ ಆಡುತ್ತಾನೆ ಎಂಬ ಪ್ರಶ್ನೆಗಳು ಆಮೇಲೆ ಬರುತ್ತವೆ.

ಮೇಯೋ ಎಂದಮೇಲೆ ಒಂದು ನೋವಿನ ಕತೆಯೂ ನಿಮಗೆ ತಿಳಿದಿರಬೇಕು. ಹಸಿರು ಕೆಂಪು ಬಣ್ಣದ ಈ ಕೌಂಟಿ ಸ್ಯಾಮ್ ಮಗ್ವಾಯರ್ ಎಂಬ ಹೆಸರಿನ ಆಲ್ ಐರ್ಲೆಂಡ್ ಕಪ್ ಅನ್ನು ಕೊನೆಯ ಸಲ ಗೆದ್ದದ್ದು 1951ರಲ್ಲಿ. 1989ರಿಂದ 2021ರವರೆಗೆ 11 ಫೈನಲ್‌ಗಳಲ್ಲಿ ಸೋತಿದೆ. 2017ರಲ್ಲಿ ಡಬ್ಲಿನ್ ಎದುರು ಒಂದೇ ಒಂದು ಪಾಯಿಂಟಿನಿಂದ. 1951ರ ತಂಡ ಗೆದ್ದು ಮರಳುವಾಗ ಫಾಕ್ಸ್‌ಫರ್ಡ್ ಊರಿನಲ್ಲಿ ಶವಯಾತ್ರೆಗೆ ಮರ್ಯಾದೆ ಕೊಡಲಿಲ್ಲ, ಅದಕ್ಕೆ ಶಾಪ ತಗುಲಿತು ಎಂಬ ಕತೆಯಿದೆ. ಅದನ್ನು ಪತ್ರಿಕೆಗಳು ಪದೇ ಪದೇ ಬರೆಯುತ್ತವೆ, ನನಗೆ ಗೊತ್ತಿರುವ ಮೇಯೋದವರಿಗೆ ಆ ಕತೆ ಹಿಡಿಸುವುದಿಲ್ಲ, ಆದ್ದರಿಂದ ಸಹೋದ್ಯೋಗಿಗಳ ಮುಂದೆ ತಮಾಷೆಗೆಂದೂ ಎತ್ತಬೇಡಿ. ಇಷ್ಟು ಸೋತ ಮೇಲೂ ಪ್ರತಿ ಬೇಸಿಗೆಯಲ್ಲಿ ಮನೆಗಳ ಮುಂದೆ ಬಾವುಟ ಏರುತ್ತದೆ, ಸಂಸಾರಗಳು ಕಾರು ತುಂಬಿಕೊಂಡು ಡಬ್ಲಿನ್‌ಗೆ ಹೋಗುತ್ತವೆ. ಕ್ರೀಡಾಂಗಣದಲ್ಲಿ ಎರಡೂ ತಂಡದವರು ಒಬ್ಬರ ಪಕ್ಕ ಒಬ್ಬರು ಕುಳಿತು ಪಂದ್ಯ ನೋಡುತ್ತಾರೆ, ಬೇಲಿಯಿಲ್ಲ. ಎಂಟು ವರ್ಷದ ಮಗುವನ್ನು ಎದುರಾಳಿ ಅಭಿಮಾನಿಗಳ ನಡುವೆ ಧೈರ್ಯವಾಗಿ ಕೂರಿಸಬಹುದು. ಇದು ಈ ಆಟದ ಬಹುದೊಡ್ಡ ಗುಣ ಎಂದು ನಾನು ಭಾವಿಸುತ್ತೇನೆ.

ನನಗೆ ಒಪ್ಪಿಗೆಯಾಗದ ಸಂಗತಿಗಳೂ ಇವೆ. ಕೌಂಟಿ ತಂಡಕ್ಕೆ ಆಡುವ ಹುಡುಗರು ಪೂರ್ಣಾವಧಿಯ ಕೆಲಸ ಮಾಡುತ್ತ ವಾರಕ್ಕೆ ನಾಲ್ಕೈದು ದಿನ ತರಬೇತಿ ಮಾಡುತ್ತಾರೆ. ಡಬ್ಲಿನ್‌ನಲ್ಲಿ ಕೆಲಸವಿರುವವನು ಸಂಜೆ ಮೂರು ತಾಸು ಕಾರು ಓಡಿಸಿ ಬಂದು, ಅಭ್ಯಾಸ ಮುಗಿಸಿ ಮತ್ತೆ ಅಷ್ಟೇ ದೂರ ಹಿಂದಿರುಗುವುದನ್ನು ತ್ಯಾಗ ಎಂದು ಹೊಗಳಿ ಸುಮ್ಮನಾಗುವುದು ನ್ಯಾಯವಲ್ಲ. ಸಂಬಳ ಕೊಡಬೇಕೆಂದು ನಾನು ಹೇಳುವುದಿಲ್ಲ, ಕೊಟ್ಟ ದಿನ ಸಣ್ಣ ಕೌಂಟಿಗಳು ಉಳಿಯುವುದಿಲ್ಲ. ಆದರೆ ತರಬೇತಿಯ ಹೊರೆಗೆ ಮಿತಿ ಬೇಕು. ಇನ್ನೊಂದು ಚಿಂತೆ ವಲಸೆಯದು. ಮನೆಬಾಡಿಗೆ ಏರಿ, ಹುಡುಗರು ಸಿಡ್ನಿಗೂ ನ್ಯೂಯಾರ್ಕಿಗೂ ಹೋಗುತ್ತಿರುವುದರಿಂದ ಹಳ್ಳಿಗಾಡಿನ ಹಲವು ಕ್ಲಬ್ಬುಗಳಿಗೆ 15 ಮಂದಿಯನ್ನು ಸೇರಿಸುವುದೇ ಕಷ್ಟವಾಗಿ, ತಲೆಮಾರುಗಳ ಎದುರಾಳಿಯೊಡನೆ ಒಂದಾಗಿ ಮಕ್ಕಳ ತಂಡ ಕಟ್ಟಬೇಕಾಗಿದೆ. ನ್ಯೂಯಾರ್ಕ್ ಮತ್ತು ಲಂಡನ್ನಿನ ಐರಿಷರ ತಂಡಗಳು ಮೇಯೋ ಇರುವ ಕೊನಾಖ್ಟ್ ಪ್ರಾಂತದ ಪಂದ್ಯಾವಳಿಯಲ್ಲೇ ಆಡುತ್ತವೆ ಎಂಬುದು ಈ ನಾಡಿನಿಂದ ಎಷ್ಟು ಜನ ಹೋದರು ಎಂಬುದಕ್ಕೆ ಸಾಕ್ಷಿ.

ಆಟವೇ ಮಧ್ಯೆ ಬೇಸರ ಹುಟ್ಟಿಸುವಂತಾಗಿತ್ತು. ಹದಿನೈದೂ ಮಂದಿ ತಮ್ಮ ಗೋಲಿನ ಮುಂದೆ ಗೋಡೆ ಕಟ್ಟಿ ನಿಲ್ಲುವುದು, ಎದುರಿನವರು ಅಡ್ಡಡ್ಡ ಕೈಪಾಸು ಮಾಡುತ್ತ ಕಾಲ ಕಳೆಯುವುದು, ಇದೇ ಕೆಲವು ವರ್ಷ ನಡೆಯಿತು. ಡಬ್ಲಿನ್ ತಂಡದ ಹಿಂದಿನ ಮ್ಯಾನೇಜರ್ ಜಿಮ್ ಗ್ಯಾವಿನ್ ಅಧ್ಯಕ್ಷತೆಯ ಸಮಿತಿ ಸೂಚಿಸಿದ ಹೊಸ ನಿಯಮಗಳು 2025ರಿಂದ ಜಾರಿಗೆ ಬಂದವು. ಗೋಲಿನಿಂದ 40 ಮೀಟರ್ ದೂರದ ಕಮಾನುಗೆರೆಯ ಹೊರಗಿನಿಂದ ಒದ್ದ ಚೆಂಡು ಅಡ್ಡಪಟ್ಟಿಯ ಮೇಲೆ ಹೋದರೆ 2 ಪಾಯಿಂಟ್, ಕಿತ್ತಳೆ ಬಾವುಟ ಇದಕ್ಕೇ. ಪ್ರತಿ ತಂಡದ ಮೂವರು ಸದಾ ಎದುರಾಳಿಯ ಅರ್ಧದಲ್ಲಿ ಇರಬೇಕು. ಫ್ರೀಕಿಕ್ ಸಿಕ್ಕವನು ಕಾಯದೆ ಸೋಲೋ ಮಾಡಿಕೊಂಡು ಓಡಬಹುದು. ಹಳಬರು ಗೊಣಗಿದರು, ನಾನು ಮನಸಾರೆ ಸ್ವಾಗತಿಸುತ್ತೇನೆ. ದೂರದಿಂದ ಒದೆಯುವ ಕಲೆಗೆ ಮತ್ತೆ ಬೆಲೆ ಬಂದಿದೆ, ಎತ್ತರಕ್ಕೆ ಹಾರಿ ಚೆಂಡು ಹಿಡಿಯುವವರನ್ನು ಮತ್ತೆ ನೋಡುತ್ತಿದ್ದೇವೆ.

ಹೊರಗಿನವರನ್ನು ಸೇರಿಸಿಕೊಳ್ಳುತ್ತಾರೆಯೇ ಎಂಬ ನಿಮ್ಮ ಪ್ರಶ್ನೆಗೆ ಬರುತ್ತೇನೆ. 2025ರ ಬೇಸಿಗೆಯಲ್ಲಿ ಡಬ್ಲಿನ್‌ನಲ್ಲಿ ಭಾರತೀಯರ ಮೇಲೆ ಹಲ್ಲೆಗಳಾದವು, ನೀವು ಸುದ್ದಿಯಲ್ಲಿ ಓದಿರುತ್ತೀರಿ, ಆ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಕ್ಲಬ್ಬಿನ ಮೈದಾನದಲ್ಲಿ ನನಗೆ ಸಿಕ್ಕ ಐರ್ಲೆಂಡ್ ಬೇರೆ. ಪಾಕಿಸ್ತಾನದಲ್ಲಿ ಹುಟ್ಟಿದ ಶೈರೋಜ್ ಅಕ್ರಮ್ 2016ರಲ್ಲಿ ಮೇಯೋದ 21ರ ಒಳಗಿನವರ ತಂಡದೊಂದಿಗೆ ಆಲ್ ಐರ್ಲೆಂಡ್ ಗೆದ್ದ. 2020ರ ಜುಲೈಯಲ್ಲಿ ಕೋವಿಡ್ ಕಾರಣ ಮಸೀದಿಗಳಲ್ಲಿ ಎಲ್ಲರೂ ಸೇರಲಾಗದಿದ್ದಾಗ ಕ್ರೋಕ್ ಪಾರ್ಕಿನ ಹುಲ್ಲಿನ ಮೇಲೆ ಬಕ್ರೀದ್ ನಮಾಜ್ ನಡೆಯಿತು. ಅದೇ ದಿನಗಳಲ್ಲಿ ಊರೂರಿನ ಕ್ಲಬ್ಬಿನವರು ಒಂಟಿ ವೃದ್ಧರ ಮನೆಬಾಗಿಲಿಗೆ ದಿನಸಿ, ಔಷಧಿ ತಲುಪಿಸುತ್ತಿದ್ದರು. ಆದರೆ ಕರೆಯಲು ಅವರು ಬರಲಿ ಎಂದು ಕಾಯಬೇಡಿ. ಸಂಕೋಚ ಅವರಿಗೂ ಇರುತ್ತದೆ. ನೀವೇ ಹೋಗಿ ಕೋನ್ ಎತ್ತಿಡಲೇ, ಚೆಂಡು ಒಟ್ಟುಮಾಡಲೇ ಎಂದು ಕೇಳಿದರೆ ಸಾಕು.

ನಿಮ್ಮ ಮಗನ ವಯಸ್ಸು ಸರಿಯಾಗಿದೆ. ಹನ್ನೆರಡರ ಒಳಗಿನ ಮಕ್ಕಳಿಗೆ ಕಪ್, ಲೀಗ್ ಪಟ್ಟಿ ಯಾವುದೂ ಇಲ್ಲ, ಬಂದ ಎಲ್ಲ ಮಕ್ಕಳನ್ನೂ ಆಡಿಸಬೇಕೆಂಬ ನಿಯಮವಿದೆ. ಆದ್ದರಿಂದ ಚೆಂಡು ಮುಟ್ಟದ ಹುಡುಗನೂ ಬೆಂಚಿನಲ್ಲಿ ಕೂರುವುದಿಲ್ಲ. ಬಂದ ಮೇಲೆ ಶಾಲೆಯಲ್ಲೇ ವಿಚಾರಿಸಿ, ಅಭ್ಯಾಸ ಯಾವ ದಿನ, ಎಷ್ಟು ಹೊತ್ತಿಗೆ ಎಂದು ಹೇಳುತ್ತಾರೆ. ಹೆಸರು ನೋಂದಾಯಿಸಿ ವರ್ಷದ ಶುಲ್ಕ ಕಟ್ಟಬೇಕು. ಹಲ್ಲಿಗೆ ಹಾಕುವ ಗಮ್‌ಶೀಲ್ಡ್ ಕಡ್ಡಾಯ, ಅದಿಲ್ಲದೆ ಆಡಲು ಬಿಡುವುದಿಲ್ಲ. ಬೂಟು ಮತ್ತು ಒಂದು ಒಳ್ಳೆಯ ಮಳೆಕೋಟು ಇದ್ದರೆ ಉಳಿದದ್ದು ನಿಧಾನಕ್ಕೆ ಆಗುತ್ತದೆ. ನೀವೇ ಮುಂದೆ ತರಬೇತಿಗೆ ಕೈಜೋಡಿಸುವುದಾದರೆ ಮಕ್ಕಳ ಸುರಕ್ಷತೆಗಾಗಿ ಪೊಲೀಸ್ ಪರಿಶೀಲನೆ ಆಗಬೇಕು, ಆ ಅರ್ಜಿಯನ್ನು ಕ್ಲಬ್ಬಿನವರೇ ಕೊಡುತ್ತಾರೆ. ಮೊದಲ ಪಂದ್ಯ ನೋಡಲು ಕ್ರೋಕ್ ಪಾರ್ಕಿಗೆ ಹೋಗಬೇಡಿ. ಕೌಂಟಿ ಪಂದ್ಯಗಳು ಈಗ ಜುಲೈಗೆ ಮುಗಿದು, ಆಮೇಲೆ ಮುಖ್ಯ ಕ್ಲಬ್ ಪಂದ್ಯಗಳು ಶುರುವಾಗುತ್ತವೆ. ಆಗಸ್ಟಿನಲ್ಲಿ ಬರುವವರಾದರೆ ನಿಮ್ಮ ಊರಿನ ತಂಡ ಪಕ್ಕದ ಊರಿನೊಡನೆ ಆಡುವ ಪಂದ್ಯಕ್ಕೆ ಮಗನನ್ನು ಕರೆದುಕೊಂಡು ಹೋಗಿ, ತಂತಿಬೇಲಿಗೆ ಒರಗಿ ನಿಂತ ಹಿರಿಯರೊಬ್ಬರ ಪಕ್ಕದಲ್ಲಿ ನಿಂತು, ಈಗ ಯಾವುದಕ್ಕೆ ಫ್ರೀಕಿಕ್ ಕೊಟ್ಟರು ಎಂದು ಕೇಳಿ. ಪಂದ್ಯ ಮುಗಿಯುವುದರೊಳಗೆ ನಿಯಮಗಳೂ ಗೊತ್ತಾಗುತ್ತವೆ, ಊರಿನ ಅರ್ಧ ಜನರ ಪರಿಚಯವೂ ಆಗುತ್ತದೆ.