ಡಿಮಾಯ್ನ್: ನದಿಯ ಹೆಸರು ಊರಿಗೆ ಬಂತಾ, ಊರಿನ ಹೆಸರು ನದಿಗಾ?

ಅಮೆರಿಕದ ಅಯೋವಾ ರಾಜ್ಯದ ರಾಜಧಾನಿ ಡಿಮಾಯ್ನ್. ಇಲ್ಲಿ ಹೆಸರು ಮೊದಲು ನದಿಯದು, ಊರಿಗೆ ಆಮೇಲೆ ಬಂದಿದ್ದು. ಇಂಗ್ಲಿಷಿನಲ್ಲಿ ಬರೆಯುವಾಗ (Des Moines) ಎರಡು ‘ಎಸ್’ ಇವೆ, ಹೇಳುವಾಗ ಎರಡೂ ಕೇಳಿಸುವುದಿಲ್ಲ. ಫ್ರೆಂಚ್ ಹೆಸರು ಅಲ್ವಾ, ಅದಕ್ಕೇ.

ಫ್ರೆಂಚಿನಲ್ಲಿ ಅದರ ಅರ್ಥ ‘ಸನ್ಯಾಸಿಗಳ ನದಿ’. ಆದರೆ ನದಿಯ ದಡದಲ್ಲಿದ್ದ ಮೊಯಿಂಗ್ವೆನಾ ಎಂಬ ಮೂಲನಿವಾಸಿಗಳ ಹೆಸರೇ ಫ್ರೆಂಚರ ಬಾಯಲ್ಲಿ ಹೀಗಾಯಿತು ಅನ್ನುವ ವಾದವೂ ಇದೆ. ನನಗೆ ಅದೇ ಜಾಸ್ತಿ ಸರಿ ಅನಿಸುತ್ತದೆ.

1843ರಲ್ಲಿ ರಕೂನ್ ನದಿ ಬಂದು ಸೇರುವ ಜಾಗದಲ್ಲಿ ಸೇನೆ ಒಂದು ಕೋಟೆ ಕಟ್ಟಿತು, ಫೋರ್ಟ್ ಡಿಮಾಯ್ನ್. ಸುತ್ತ ಊರು ಬೆಳೆಯಿತು. 1857ರಲ್ಲಿ ಹೆಸರಿನಿಂದ ‘ಫೋರ್ಟ್’ ಬಿಟ್ಟರು. ಅದೇ ವರ್ಷ ರಾಜಧಾನಿಯೂ ಅಯೋವಾ ಸಿಟಿಯಿಂದ ಇಲ್ಲಿಗೆ ಬಂತು.

ಎರಡು ನದಿ ಸೇರುವ ಜಾಗದಲ್ಲಿ ಬದುಕುವುದು ಸುಲಭವಲ್ಲ. 1993ರ ಜುಲೈನಲ್ಲಿ ರಕೂನ್ ಉಕ್ಕಿ ನೀರು ಶುದ್ಧೀಕರಣ ಘಟಕವೇ ಮುಳುಗಿತು. ಸುಮಾರು 2.5 ಲಕ್ಷ ಜನರ ಮನೆಗೆ ನಲ್ಲಿ ನೀರು ಬರುವುದು ನಿಂತಿತು. ಊರ ಸುತ್ತ ಪ್ರವಾಹ, ನಲ್ಲಿ ತಿರುಗಿಸಿದರೆ ಒಂದು ಹನಿಯೂ ಇಲ್ಲ. ಹತ್ತು ದಿನಕ್ಕೂ ಹೆಚ್ಚು ಕಾಲ ಜನ ಬಕೆಟ್ ಹಿಡಿದು ಟ್ಯಾಂಕರ್ ಮುಂದೆ ನಿಂತರು.