ಪ್ರೀತಿ ಮಿಕ್ಸಿ ಈಗ ಯಾರದು? ಕಂಪನಿ ಕೈ ಬದಲಾದ್ರೆ ಸಾಮಾನು ಕೆಡುತ್ತಾ?

ಹಳೇ ಪ್ರೀತಿ ಮಿಕ್ಸಿ ಬದಲಿಸಬೇಕು, ಆದರೆ ಕಂಪನಿ ಮಾರಾಟವಾಗಿದೆಯಂತೆ, ಈಗಲೂ ಅದನ್ನೇ ನಂಬಿ ತಗೊಳ್ಳಬಹುದಾ ಅಂತ ಕೇಳಿದ್ದೀರಿ. ನಾನು ಮಿಕ್ಸಿ, ಗ್ರೈಂಡರ್ ರಿಪೇರಿ ಮಾಡುವವನು. ಗಿರಾಕಿಗಳೂ ಇದನ್ನೇ ಕೇಳುತ್ತಿರುತ್ತಾರೆ.

ಮಾರಾಟ ಆಗಿದ್ದು ಒಂದು ಸಲ ಅಲ್ಲ, ಎರಡು ಸಲ. 1978ರಲ್ಲಿ ಚೆನ್ನೈನಲ್ಲಿ ಟಿ.ಟಿ. ವರದರಾಜನ್ ಶುರು ಮಾಡಿದ ಬ್ರ್ಯಾಂಡ್ ಅದು. 2011ರಲ್ಲಿ ಫಿಲಿಪ್ಸ್ ಕೊಂಡಿತು. 2021ರಲ್ಲಿ ಫಿಲಿಪ್ಸ್ ತನ್ನ ಅಡುಗೆಮನೆ ಸಾಮಾನಿನ ವ್ಯಾಪಾರವನ್ನೆಲ್ಲ ಹಿಲ್‌ಹೌಸ್ ಎಂಬ ಹೂಡಿಕೆ ಸಂಸ್ಥೆಗೆ ಮಾರಿತು. ಪ್ರೀತಿಯೂ ಅದರ ಜೊತೆ ಹೋಯಿತು. ಹಾಗೆ ಫಿಲಿಪ್ಸ್‌ನಿಂದ ಬೇರೆಯಾದ ಕಂಪನಿಗೆ ಈಗ ವರ್ಸುನಿ ಅಂತ ಹೆಸರು.

ಫಿಲಿಪ್ಸ್ ಮಾಡಿದ ಒಂದು ಕೆಲಸ ನನಗೆ ತುಂಬಾ ಹಿಡಿಸಿತು. ಕೊಂಡ ಮೇಲೂ ಪ್ರೀತಿ ಹೆಸರನ್ನು ಅಳಿಸಲಿಲ್ಲ. ನಮ್ಮ ಕಡೆ ಮಿಕ್ಸಿ ಅಂದ್ರೆ ಬರೀ ಜ್ಯೂಸಿಗಲ್ಲ ಅಲ್ವಾ? ಬೆಳಗ್ಗೆ ಕಾಯಿ ಚಟ್ನಿ, ಮಧ್ಯಾಹ್ನ ಸಾರಿನ ಖಾರ, ಸಂಜೆ ದೋಸೆಗೆ ನೆನೆಸಿದ ಉದ್ದು. ಹಿಟ್ಟು ಗಟ್ಟಿಯಾಗಿ ಬ್ಲೇಡು ಬಿಗಿಯುವಾಗ ಮೋಟಾರು ತಡೆಯಬೇಕು. ಆ ಹೆಸರು ಬೆಳೆದದ್ದೇ ಇಂಥ ಅಡುಗೆಮನೆಗಳಲ್ಲಿ.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಪ್ರೀತಿಯನ್ನು ಫಿಲಿಪ್ಸ್‌ಗೆ ಮಾರಿದ ವರದರಾಜನ್ ಅವರ ಕಂಪನಿ, ಮಾಯಾ ಅಪ್ಲೈಯನ್ಸಸ್, ಸುಮ್ನೆ ಕೂರಲಿಲ್ಲ. ವಿಡಿಯಂ ಅಂತ ಹೊಸ ಹೆಸರಿಟ್ಟುಕೊಂಡು ಮತ್ತೆ ಮಿಕ್ಸಿಗೇ ಬಂತು. ಹೆಸರು ಒಂದು ಕಡೆ ಹೋಯಿತು, ಕಟ್ಟಿ ಬೆಳೆಸಿದವರು ಇನ್ನೊಂದು ಕಡೆ.

ಹಾಗಾಗಿ ಮಾಲೀಕ ಯಾರು ಅನ್ನೋದಕ್ಕಿಂತ, ಮೇಲೆ ಕೂತವರಿಗೆ ಅಡುಗೆಮನೆ ಗೊತ್ತಾ ಅಂತ ನಾನು ನೋಡುತ್ತೇನೆ. ಪ್ರೆಸ್ಟೀಜ್ ಕುಕ್ಕರ್ ಕಂಪನಿ ನಡೆಸಿದ ಟಿ.ಟಿ. ಜಗನ್ನಾಥನ್ ಅವರನ್ನೇ ತಗೊಳ್ಳಿ. ಜನ ಡೂಪ್ಲಿಕೇಟ್ ಸೇಫ್ಟಿ ವಾಲ್ವ್ ಹಾಕಿ ಕುಕ್ಕರ್ ಸಿಡಿಯುತ್ತಿದ್ದ ಕಾಲ. ‘ಒರಿಜಿನಲ್ಲೇ ಹಾಕಿ’ ಅಂತ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಅವರು ಮುಚ್ಚಳದ ಅಂಚಿಗೇ ಒಂದು ಕಿಂಡಿ ಇಟ್ಟರು. ವಾಲ್ವ್ ಕೈಕೊಟ್ಟರೆ ಗ್ಯಾಸ್ಕೆಟ್ ಆ ಕಿಂಡಿಯಲ್ಲಿ ಉಬ್ಬಿ ಈಚೆ ಬರುತ್ತದೆ, ಹಬೆ ಹೊರಗೆ ಹೋಗಿಬಿಡುತ್ತದೆ. ನಿಮ್ಮನೆ ಕುಕ್ಕರಿನ ಮುಚ್ಚಳ ತಿರುಗಿಸಿ ನೋಡಿ, ಅಂಚಿನಲ್ಲಿ ಕಾಣಬಹುದು.

ನೀವು ಪ್ರೀತಿಯನ್ನೇ ತಗೊಳ್ಳಿ, ಬೇರೆಯದನ್ನೇ ತಗೊಳ್ಳಿ. ನಿಮ್ಮೂರಲ್ಲಿ ಜಾರು, ಕಪ್ಲರ್ (ಮೋಟಾರಿನ ತಿರುಗನ್ನು ಬ್ಲೇಡಿಗೆ ಮುಟ್ಟಿಸುವ ಹಲ್ಲಿನ ಬಿಲ್ಲೆ), ಬ್ಲೇಡು ಸಿಗುತ್ತಾ ಅಂತ ಮೊದಲು ವಿಚಾರಿಸಿ. ಹಳೇ ಮಿಕ್ಸಿ ಎಸೆಯುವ ಮುಂಚೆ ಜಾರು ಎತ್ತಿ ಕೆಳಗಿನ ಕಪ್ಲರ್ ನೋಡಿ. ಅದರ ಹಲ್ಲು ಸವೆದಿದ್ದರೆ ಮೋಟಾರು ತಿರುಗಿದರೂ ಬ್ಲೇಡು ತಿರುಗಲ್ಲ. ಅಷ್ಟೇ ಆಗಿದ್ದರೆ ಹೊಸ ಮಿಕ್ಸಿ ಬೇಕಾಗಿಯೇ ಇಲ್ಲ.