ಇಂಟೆಲ್ ಬೋರ್ಡಿಗೆ ಎಎಂಡಿ ಪ್ರೊಸೆಸರ್ ಯಾಕೆ ಕೂರಲ್ಲ?

ನೀವು ಕೇಳಿದ್ದು ಎರಡು. ಹಳೇ ಇಂಟೆಲ್ ಬೋರ್ಡ್ (ಮದರ್‌ಬೋರ್ಡ್) ಉಳಿಸಿಕೊಂಡು ಎಎಂಡಿ ಪ್ರೊಸೆಸರ್ ಹಾಕಬಹುದೇ? ರ‍್ಯಾಮ್, ಎಸ್‌ಎಸ್‌ಡಿ ಎರಡೂ ಕಡೆ ಹೊಂದುವಾಗ ಪ್ರೊಸೆಸರ್‌ಗೆ ಮಾತ್ರ ಏನು ಅಡ್ಡಿ? ಮೊದಲನೆಯದಕ್ಕೆ ಉತ್ತರ, ಆಗಲ್ಲ. ಎರಡನೆಯದನ್ನು ಗಂಗಾವತಿಯ ನಮ್ಮ ಅಂಗಡಿಗೆ ಬರುವ ರೈಸ್ ಮಿಲ್ಲಿನವರೂ ಕೇಳುತ್ತಾರೆ: "ಇಬ್ರೂ ಕೂಡಿ ಒಂದೇ ಸಾಕೆಟ್ ಮಾಡಿದ್ರ ಅವರ ಗಂಟೇನ್ ಹೋಗ್ತೈತ್ರಿ?" ಸಾಕೆಟ್ ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ. ಗಂಟು ಹೋಗುತ್ತದೆ ಅನ್ನುವುದೇ ಇಡೀ ಕಥೆ.

ಒಂದು ಕಾಲಕ್ಕೆ ಕೂರುತ್ತಿತ್ತು. 1990ರ ದಶಕದ ನಡುವೆ ಸಾಕೆಟ್ 7 ಇತ್ತು; ಇಂಟೆಲ್‌ನ ಪೆಂಟಿಯಂ, ಎಎಂಡಿಯ ಕೆ6, ಸೈರಿಕ್ಸ್ ಅನ್ನುವ ಇನ್ನೊಂದು ಕಂಪನಿಯ ಚಿಪ್ ಮೂರಕ್ಕೂ ಅದೇ ಬೋರ್ಡ್. ಬೋರ್ಡ್ ಒಂದೇ ಆದರೆ ಗಿರಾಕಿ ಅಗ್ಗದ ಚಿಪ್ಪಿನ ಕಡೆ ಜಾರುವುದು ಸುಲಭ. 1997ರಲ್ಲಿ ಪೆಂಟಿಯಂ 2 ಜೊತೆ ಇಂಟೆಲ್ ಸ್ಲಾಟ್ 1 ತಂದಿತು, ಅದನ್ನು ಎದುರಾಳಿಗಳಿಗೆ ಬಿಟ್ಟುಕೊಡಲಿಲ್ಲ. ಎಎಂಡಿ 1999ರಲ್ಲಿ ಅಥ್ಲಾನ್‌ಗೆ ಸ್ಲಾಟ್ ಎ ಮಾಡಿಕೊಂಡಿತು. ತಮಾಷೆ ನೋಡಿ, ಎರಡರ ಕನೆಕ್ಟರ್ ಒಂದೇ, ಎಎಂಡಿ ತಿರುಗಿಸಿ ಕೂರಿಸಿತ್ತು ಅಷ್ಟೇ. ಒಳಗಿನ ಬಸ್ (ಮಾಹಿತಿ ಓಡಾಡುವ ದಾರಿ) ಮಾತ್ರ ಡಿಇಸಿ ಕಂಪನಿಯ ಆಲ್ಫಾ ಪ್ರೊಸೆಸರ್‌ನಿಂದ ಬಂದದ್ದು. ಅಲ್ಲಿಂದ ಮುಂದೆ ಇಬ್ಬರೂ ಒಂದೇ ಸಾಕೆಟ್ಟಿಗೆ ಬರಲಿಲ್ಲ.

ರ‍್ಯಾಮ್ ಕೂಡ ಹೀಗೇ ಬೇರೆಯಾಗುವುದರಲ್ಲಿತ್ತು. 2000ದ ಕೊನೆಗೆ ಬಂದ ಪೆಂಟಿಯಂ 4ಕ್ಕೆ ಮೊದಲು ಸಿಕ್ಕಿದ್ದು ರ‍್ಯಾಂಬಸ್ ಕಂಪನಿಯ ಆರ್‌ಡಿರ‍್ಯಾಮ್ ಮಾತ್ರ. ದುಬಾರಿ, ಜೊತೆಗೆ ಬಿಸಿ. ಖಾಲಿ ಸ್ಲಾಟನ್ನು ಖಾಲಿ ಬಿಡುವಂತಿಲ್ಲ, ಅದಕ್ಕೂ ಒಂದು ಡಮ್ಮಿ ಕಾರ್ಡ್ ತುರುಕಬೇಕು! ಎಎಂಡಿ ಆಗ ಹಿಂದಿತ್ತು, ಹಾಗಾಗಿ ಎಲ್ಲರೂ ಸೇರಿ ಚಿಪ್ ಕಂಪನಿಗಳ ಮಾನದಂಡ ಮಾಡುವ ಜೆಡೆಕ್ ಸಂಸ್ಥೆಯಲ್ಲಿ ಒಪ್ಪಿದ ಡಿಡಿಆರ್ ಮೆಮೊರಿ ಹಿಡಿಯಿತು. ಮೆಮೊರಿ ತಯಾರಕರಿಗೂ ರ‍್ಯಾಂಬಸ್‌ಗೆ ರಾಯಲ್ಟಿ ಕಟ್ಟುವ ಉಮೇದಿರಲಿಲ್ಲ. 2002ರ ಹೊತ್ತಿಗೆ ಇಂಟೆಲ್ ಕೂಡ ಡಿಡಿಆರ್ ಬೋರ್ಡ್ ಮಾರುತ್ತಿತ್ತು. ಇವತ್ತು ನಿಮ್ಮ ರ‍್ಯಾಮ್ ಎರಡೂ ಕಡೆ ಹೊಂದುವುದು ಆ ಜಗಳದ ಫಲ, ಯಾರ ಔದಾರ್ಯವೂ ಅಲ್ಲ.

ಮುಂದಿರುವ ಕಂಪನಿ ತನ್ನದೇ ಜೋಡಣೆ ಬೇಕೆನ್ನುತ್ತದೆ, ಹಿಂದೆ ಬಿದ್ದದ್ದು ಎಲ್ಲರಿಗೂ ಒಂದೇ ಇರಲಿ ಅನ್ನುತ್ತದೆ. ಗೆಲ್ಲುವವರು ಯಾರು ಅನ್ನುವುದು ಬಹುತೇಕ ಮೂರನೆಯವರ ಕೈಯಲ್ಲಿರುತ್ತದೆ. ಒಂದೇ ಸಲಕ್ಕೆ ದೊಡ್ಡ ಲೆಕ್ಕ ಹಿಡಿಯುವ 64 ಬಿಟ್ ಪ್ರೊಸೆಸರ್ ವಿಷಯದಲ್ಲಿ ಇಂಟೆಲ್, ಎಚ್‌ಪಿ ಸೇರಿ ಇಟೇನಿಯಂ ಅಂತ ಪೂರ್ತಿ ಹೊಸ ದಾರಿ ಹಿಡಿದರು. ಹಳೇ ಪ್ರೋಗ್ರಾಮ್‌ಗಳು ಅದರಲ್ಲಿ ತೆವಳುತ್ತಿದ್ದವು. 2003ರಲ್ಲಿ ಎಎಂಡಿಯ ಆಪ್ಟೆರಾನ್ ಪ್ರೊಸೆಸರ್ ಹಳೇ ಪ್ರೋಗ್ರಾಮ್‌ಗಳನ್ನೂ ವೇಗವಾಗಿ ಓಡಿಸಿಕೊಂಡೇ 64 ಬಿಟ್ ಕೊಟ್ಟಿತು. ಇಲ್ಲಿ ಮೂರನೆಯವರು ಮೈಕ್ರೋಸಾಫ್ಟ್, ಅದು ಎಎಂಡಿಯ ದಾರಿಗೆ ವಿಂಡೋಸ್ ಸಿದ್ಧಮಾಡುತ್ತಿತ್ತು. ಮರುವರ್ಷವೇ ಇಂಟೆಲ್ ತನ್ನ ಚಿಪ್ಪಿಗೂ ಅದನ್ನೇ ಅಳವಡಿಸಿತು, ಹೆಸರು ಮಾತ್ರ ಬೇರೆ ಇಟ್ಟಿತು. ನಂಬಿಕೆ ಬಾರದಿದ್ದರೆ ನಿಮ್ಮ ಇಂಟೆಲ್ ಕಂಪ್ಯೂಟರಿನಲ್ಲೇ ವಿಂಡೋಸ್ ಫೋಲ್ಡರ್ ಒಳಗಿನ ವಿನ್‌ಎಸ್‌ಎಕ್ಸ್‌ಎಸ್ ತೆರೆಯಿರಿ, 'ಎಎಂಡಿ64' ಅಂತ ಶುರುವಾಗುವ ಫೋಲ್ಡರ್‌ಗಳ ರಾಶಿಯೇ ಕಾಣುತ್ತದೆ. ನನ್ನ ಹುಡುಗರಿಗೆ ಇದನ್ನು ತೋರಿಸುವುದು ನನಗೊಂದು ಖುಷಿ.

ಯುಎಸ್‌ಬಿ ಇದಕ್ಕೆ ಹೊರತು ಅನಿಸಬಹುದು. 1996ರಲ್ಲಿ ಮುಂದಿದ್ದ ಇಂಟೆಲ್ ಅದನ್ನು ರಾಯಲ್ಟಿ ಇಲ್ಲದೆ ಬಿಟ್ಟಿತು. ಆದರೆ ಕೀಬೋರ್ಡು, ಪ್ರಿಂಟರು ಸಲೀಸಾಗಿ ಹೊಂದಿದಷ್ಟೂ ಪಿಸಿ ಹೆಚ್ಚು ಮಾರಾಟವಾಗುತ್ತದೆ, ಪಿಸಿಯೊಳಗೆ ಕೂರುವುದು ಇಂಟೆಲ್‌ನದ್ದೇ ಚಿಪ್. ಯುಎಸ್‌ಬಿಯಂಥದ್ದೇ ಜೋಡಣೆಯಾದ ಫೈರ್‌ವೈರ್‌ಗೆ ಆಪಲ್ ಪೋರ್ಟಿನ ಲೆಕ್ಕದಲ್ಲಿ ಶುಲ್ಕ ಕೇಳಿತು, ಅದು ಮೂಲೆಗುಂಪಾಯಿತು. ಅಂದಹಾಗೆ, ನಮ್ಮ ಮಿಲ್‌ಗಳ ವೇ ಬ್ರಿಡ್ಜ್‌ನಿಂದ ಕಂಪ್ಯೂಟರಿಗೆ ತೂಕ ಬರುವುದು ಈಗಲೂ 1960ರಲ್ಲಿ ಹುಟ್ಟಿದ ಆರ್‌ಎಸ್-232 ಸೀರಿಯಲ್ ಕೇಬಲಿನಲ್ಲಿ. ಹೊಸ ಬೋರ್ಡಿನಲ್ಲಿ ಆ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿ ಕನ್ವರ್ಟರ್ ಸಿಕ್ಕಿಸಿ ಕೊಡುತ್ತೇನೆ, ಇಂಟೆಲ್ಲೋ ಎಎಂಡಿಯೋ ಅದಕ್ಕೆ ಬೇಕಿಲ್ಲ.

ಈಗ ಎಐ ಚಿಪ್ಪುಗಳಲ್ಲಿ ಎನ್‌ವಿಡಿಯಾ ಮುಂದಿದೆ, ಜಿಪಿಯು ಅನ್ನುವ ಆ ಚಿಪ್ಪುಗಳನ್ನು ಒಂದಕ್ಕೊಂದು ಜೋಡಿಸಲು ಅದರದ್ದೇ ಎನ್‌ವಿಲಿಂಕ್ ಇದೆ. 2024ರಲ್ಲಿ ಅದಕ್ಕೆ ಎದುರಾಗಿ ಯುಎಲಿಂಕ್ ಎಂಬ ಮುಕ್ತ ಮಾನದಂಡ ಮಾಡಲು ಹೊರಟ ಗುಂಪಿನಲ್ಲಿ ಎಎಂಡಿ, ಇಂಟೆಲ್ ಎರಡೂ ಇದ್ದವು. ಸಾಕೆಟ್ ಹಂಚಿಕೊಳ್ಳದವರೇ ಇವರು!

ಇನ್ನು ನಿಮ್ಮ ಕೆಲಸ. ಎಎಂಡಿಗೆ ಹೋಗುವುದಾದರೆ ಬೋರ್ಡ್, ಪ್ರೊಸೆಸರ್ ಎರಡೂ ಹೊಸದು ಬೇಕು. ಎಸ್‌ಎಸ್‌ಡಿ, ಕ್ಯಾಬಿನೆಟ್ ಉಳಿಯುತ್ತವೆ. ಎಸ್‌ಎಂಪಿಎಸ್ (ಕರೆಂಟ್ ಕೊಡುವ ಡಬ್ಬಿ) ಚೆನ್ನಾಗಿದ್ದರೆ ಅದೂ. ರ‍್ಯಾಮ್ ಡಿಡಿಆರ್4 ಆಗಿದ್ದರೆ ಎಎಂಡಿಯ ಎಎಂ4 ಸಾಕೆಟ್ ಇರುವ ಬೋರ್ಡೇ ತಗೊಳ್ಳಿ, ಅದರ ನಂತರದ ಎಎಂ5ಗೆ ಡಿಡಿಆರ್5 ಬಿಟ್ಟು ಬೇರೆ ಹಿಡಿಯಲ್ಲ. ಹಳೇ ಕೂಲರ್ ಬಿಚ್ಚುವ ಮುಂಚೆ ಎಎಂಡಿ ಕ್ಲಿಪ್ ಜೊತೆಗಿದೆಯಾ ನೋಡಿಕೊಳ್ಳಿ, ಸ್ಕ್ರೂ ತೂತುಗಳ ಅಳತೆ ಬೇರೆ.